ಕಾಸರಗೋಡಿನ ರಾಣಿಪುರಂ ಬೆಟ್ಟದಲ್ಲಿ ಬಂಡೆಯ ಅಂಚಿಗೆ ಹೋಗದೆ, ಅಂಚಿನಲ್ಲೇ ನಿಂತಂತೆ ಫೋಟೊ ತೆಗೆಯಬಹುದಾ?

ಖಂಡಿತ ತೆಗೆಯಬಹುದು. ನೀವು ಅಂಚಿನಿಂದ ಏಳೆಂಟು ಅಡಿ ದೂರದಲ್ಲೇ ನಿಲ್ಲಿ. ಫೋಟೊ ತೆಗೆಯುವವರು ನಿಮ್ಮ ಎದುರಿಗೆ, ಅಂಚಿನಿಂದ ಇನ್ನೂ ದೂರ ಕೂತು, ಮೊಬೈಲನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿಯಲಿ.

ಫೋಟೊದಲ್ಲಿ ಅಂಚು ಎಷ್ಟು ದೂರ ಅಂತ ನಮಗೆ ತಿಳಿಯುವುದು ನಡುವೆ ಕಾಣುವ ನೆಲದಿಂದ. ನಿಂತುಕೊಂಡು ತೆಗೆದರೆ ನಿಮ್ಮ ಹಿಂದಿನ ಬಂಡೆಯೆಲ್ಲ ಹರಡಿಕೊಂಡು ಕಾಣುತ್ತದೆ. ಸಮತಟ್ಟು ಜಾಗದಲ್ಲಿ ಮೊಬೈಲನ್ನು 5 ಅಡಿಯಿಂದ ಅರ್ಧ ಅಡಿಗೆ ಇಳಿಸಿದರೆ, ಆ ನೆಲ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಕುಗ್ಗಿ ಬರೀ ಗೆರೆಯಾಗುತ್ತದೆ. ನಿಮ್ಮ ಚಪ್ಪಲಿಯ ಹಿಂದೆಯೇ ಕಣಿವೆಯ ಮಂಜು ಶುರುವಾದಂತೆ ಕಾಣುತ್ತದೆ. ನಿಜವಾಗಿ ತುದಿಯಲ್ಲಿ ನಿಂತರೂ ಫೋಟೊ ಇದಕ್ಕಿಂತ ಜಾಸ್ತಿ ಭಯಂಕರವಾಗಿ ಬರುವುದಿಲ್ಲ.

ಕಾಸರಗೋಡಿನ ಮಳೆಗಾಲ ನಿಮಗೇ ಗೊತ್ತಲ್ವಾ? ಬಂಡೆ ಮೇಲೆ ತೆಳ್ಳಗೆ ಪಾಚಿ ಕಟ್ಟುತ್ತದೆ. ನೋಡಲು ಬರೀ ಒದ್ದೆ ಕಲ್ಲು, ಕಾಲಿಟ್ಟರೆ ಸೋಪು. ಸೆಲ್ಫಿಯಲ್ಲಂತೂ ಕಣ್ಣು ಪರದೆ ಮೇಲಿರುತ್ತದೆ, ಕಾಲು ಸುಮ್ನೆ ಹಿಂದಕ್ಕೆ ಹೋಗುತ್ತಿರುತ್ತದೆ. ದಯವಿಟ್ಟು ಅಲ್ಲಿ ಸೆಲ್ಫಿ ಬೇಡ. ಜೊತೆಯವರ ಕೈಗೆ ಮೊಬೈಲ್ ಕೊಡಿ.