ಓದುಗರ ಪ್ರಶ್ನೆ: ಮೈಸೂರಿನಿಂದ ಲೇಹ್‌ಗೆ ಕಾರಿನಲ್ಲಿ ಇಬ್ಬರೇ

ಪ್ರಶ್ನೆ: ನನಗೆ ಐವತ್ತಾರು ವರ್ಷ, ನಮ್ಮ ಯಜಮಾನರಿಗೆ ಅರವತ್ತೆರಡು. ನಿವೃತ್ತರಾದಂದಿನಿಂದ ಅವರು ಎಂಟು ವರ್ಷದ ನಮ್ಮ ಡೀಸೆಲ್ ಕಾರಿನಲ್ಲಿಯೇ ಲೇಹ್‌ವರೆಗೆ ಹೋಗಿ ಬರಬೇಕೆಂದು ಹಟ ಹಿಡಿದಿದ್ದಾರೆ. ಐದನೆಯ ದಿನ ಶ್ರೀನಗರ, ಏಳನೆಯ ದಿನ ಲೇಹ್, ಹದಿನಾರನೆಯ ದಿನ ಮರಳಿ ಮನೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಯೂ ಆಗಿದೆ. ಅವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ನನ್ನ ಬಳಿ ಲೈಸೆನ್ಸ್ ಇದೆ, ಊರೊಳಗೆ ಕಾರು ನಡೆಸುತ್ತೇನೆ. ಆದರೆ ಹೆದ್ದಾರಿಯಲ್ಲಿ ಅವರು ಒಮ್ಮೆಯೂ ನನ್ನ ಕೈಗೆ ಸ್ಟೀರಿಂಗ್ ಕೊಟ್ಟಿಲ್ಲ. ಮಗಳು ವಿಮಾನದಲ್ಲಿ ಹೋಗಿ ಬನ್ನಿ ಎನ್ನುತ್ತಾಳೆ. ಯಾವ ತಿಂಗಳು ಒಳ್ಳೆಯದು, ಯಾವ ದಾರಿ ಸರಿ, ಇದು ನಮ್ಮ ವಯಸ್ಸಿಗೆ ಆಗುವ ಕೆಲಸವೇ ಎಂದು ತಿಳಿಸಬೇಕಾಗಿ ಕೋರುತ್ತೇನೆ. (ಓದುಗರೊಬ್ಬರು, ಮೈಸೂರು)

ಉತ್ತರ: ಆಗುವ ಕೆಲಸವೇ, ತಾಯಿ. ಆದರೆ ಕ್ಯಾಲೆಂಡರಿನ ಆ ಗುರುತುಗಳನ್ನು ಮೊದಲು ಅಳಿಸಬೇಕು, ಎರಡನೆಯದಾಗಿ ಅರ್ಧ ದಾರಿಯ ಸ್ಟೀರಿಂಗ್ ನಿಮ್ಮ ಕೈಗೆ ಬರಬೇಕು. ಈ ಎರಡಕ್ಕೂ ನಿಮ್ಮ ಯಜಮಾನರು ಒಪ್ಪದಿದ್ದರೆ ಮಗಳ ಮಾತನ್ನೇ ಕೇಳುವುದು ಒಳ್ಳೆಯದು. ಹಾಗೆ ವಿಮಾನದಲ್ಲಿ ಹೋದರೂ ಲೇಹ್‌ನಲ್ಲಿ ಇಳಿದ ಮೇಲೆ ಎರಡು ದಿನ ಕೋಣೆಯಲ್ಲಿ ಸುಮ್ಮನೆ ಮಲಗಲೇಬೇಕು.

ಮೈಸೂರಿನಿಂದ ಬೆಂಗಳೂರು, ಹೈದರಾಬಾದ್, ನಾಗಪುರ, ಝಾನ್ಸಿ, ಜಮ್ಮು, ಶ್ರೀನಗರಗಳ ಮೇಲೆ ಲೇಹ್‌ಗೆ ಸುಮಾರು 3,500 ಕಿಲೋಮೀಟರ್ ಆಗುತ್ತದೆ; ಮನಾಲಿಯ ಕಡೆಯಿಂದ ಹಿಂತಿರುಗಿ, ಅಲ್ಲಿನ ಕಣಿವೆಗಳ ಸುತ್ತಾಟವನ್ನೂ ಕೂಡಿಸಿದರೆ 7,000 ದಾಟುತ್ತದೆ. ಹದಿನಾರು ದಿನಗಳಲ್ಲಿ ಇದನ್ನು ಮುಗಿಸುವುದೆಂದರೆ ದಿನವೂ ಒಂಬತ್ತು ಹತ್ತು ಗಂಟೆ ಒಬ್ಬರೇ ಕಾರು ನಡೆಸಬೇಕು, ಮತ್ತೊಬ್ಬರು ಅಷ್ಟೂ ಹೊತ್ತು ಪಕ್ಕದಲ್ಲಿ ಕುಳಿತು ಆ ಆಯಾಸವನ್ನು ನೋಡುತ್ತಿರಬೇಕು. ನನ್ನ ಲೆಕ್ಕದಲ್ಲಿ ಇದಕ್ಕೆ ಇಪ್ಪತ್ತೆಂಟು ದಿನ ಬೇಕು. ನಿವೃತ್ತರಾದವರಿಗೆ ರಜೆಯ ಚಿಂತೆ ಇಲ್ಲವಷ್ಟೆ? ಬಯಲುಸೀಮೆಯಲ್ಲಿ ದಿನಕ್ಕೆ 450 ರಿಂದ 500, ಬೆಟ್ಟದಲ್ಲಿ 200 ಕಿಲೋಮೀಟರ್ ಎಂದು ಮಿತಿ ಹಾಕಿಕೊಳ್ಳಿ; ಕತ್ತಲಾಗುವ ಮುನ್ನ ಕಾರು ನಿಂತಿರಲಿ. ನಾನೂ ನನ್ನ ಹೆಂಡತಿಯೂ ಮೊದಲ ಸಲ ಹೊರಟಾಗ ‘ಇನ್ನೇನು ನಾಗಪುರ ಬಂತು’ ಎಂಬ ಆಸೆಯಿಂದ ಆದಿಲಾಬಾದ್ ದಾಟಿದ ಮೇಲೂ ಕತ್ತಲಲ್ಲಿ ಓಡಿಸಿದೆವು. ರಸ್ತೆಯ ಬದಿಯಲ್ಲಿ ಹಿಂದಿನ ದೀಪವಿಲ್ಲದೆ ನಿಂತಿದ್ದ ಹತ್ತಿಯ ಟ್ರ್ಯಾಕ್ಟರನ್ನು ತಪ್ಪಿಸಲು ಹೋಗಿ ಒಂದು ಟೈರ್ ಒಡೆದು, ಸ್ಟೆಪ್ನಿ ಬದಲಿಸಿ ಹೋಟೆಲು ತಲುಪುವಾಗ ರಾತ್ರಿ ಹನ್ನೊಂದೂವರೆ. ಮರುದಿನ ಮಧ್ಯಾಹ್ನದವರೆಗೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಈಗ ಸ್ಟೀರಿಂಗಿನ ವಿಷಯ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರು ನಡೆಸುವುದು ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ನಡೆಸುವುದಕ್ಕಿಂತ ಸುಲಭವೆಂದು ಒಂದೇ ದಿನದಲ್ಲಿ ನಿಮಗೆ ಗೊತ್ತಾಗುತ್ತದೆ. ಹೊರಡುವ ತಿಂಗಳ ಮೊದಲು ನಾಲ್ಕು ಭಾನುವಾರ ಮುಂಜಾನೆ ಊರ ಹೊರಗಿನ ದಾರಿಗಳಲ್ಲಿ ನೂರು ನೂರು ಕಿಲೋಮೀಟರ್ ನೀವೇ ನಡೆಸಿರಿ. ಒಂದು ಸಲ ಮಾತ್ರ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದವರೆಗಾಗಲಿ ಮಡಿಕೇರಿಯವರೆಗಾಗಲಿ ಹೋಗಿ ಬನ್ನಿ. ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ಸೀಟು ಬದಲಾಗಲಿ. ಸ್ಟೀರಿಂಗ್ ಹಿಡಿದವರ ವೇಗವೇ ವೇಗ, ಪಕ್ಕದಲ್ಲಿ ಕುಳಿತವರು ನಕ್ಷೆ, ನೀರು, ಟೋಲ್, ಫೋನು ನೋಡಿಕೊಳ್ಳಬೇಕು, ಹಾಗೂ ‘ಇಲ್ಲಿ ನಿಲ್ಲಿಸೋಣ’ ಎಂದು ಯಾರೇ ಹೇಳಿದರೂ ಮರುಪ್ರಶ್ನೆಯಿಲ್ಲದೆ ನಿಲ್ಲಿಸಬೇಕು ಎಂದು ಮನೆಯಲ್ಲಿಯೇ ಒಪ್ಪಂದ ಮಾಡಿಕೊಳ್ಳಿ. ಇದನ್ನು ನಾನು ಸ್ತ್ರೀಸಮಾನತೆಯ ಭಾಷಣವಾಗಿ ಹೇಳುತ್ತಿಲ್ಲ. ರಕ್ತದೊತ್ತಡ ಇರುವ ಅರವತ್ತೆರಡರ ಮನುಷ್ಯರಿಗೆ ಝೋಜಿ ಲಾ ಎಂಬ ಎತ್ತರದ ಕಣಿವೆದಾರಿಯ ಮೇಲೆ (ಅಲ್ಲಿನ ಭಾಷೆಯಲ್ಲಿ ‘ಲಾ’ ಎಂದರೆ ಕಣಿವೆದಾರಿ) ತಲೆ ಸುತ್ತಿದರೆ ಕಾರನ್ನು ದ್ರಾಸ್‌ವರೆಗೆ ಇಳಿಸುವವರು ಯಾರೆಂದು ಅವರನ್ನೇ ಕೇಳಿ ನೋಡಿ. ಇಬ್ಬರ ಲೈಸೆನ್ಸಿನ ಕೊನೆಯ ದಿನಾಂಕವನ್ನೂ ಈಗಲೇ ನೋಡಿಡಿ: ಐವತ್ತೈದು ದಾಟಿದ ಮೇಲೆ ನವೀಕರಣ ಸಿಗುವುದು ಐದೇ ವರ್ಷಕ್ಕೆ, ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಬೇಕು.

ಹೋಗುವಾಗ ಶ್ರೀನಗರದ ದಾರಿ, ಬರುವಾಗ ಮನಾಲಿಯ ದಾರಿ: ಇದರಲ್ಲಿ ನನಗೆ ಸಂದೇಹವೇ ಇಲ್ಲ, ಕಾರಣ ಎತ್ತರದ್ದು. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಕಾರ್ಗಿಲ್ 2,700ರ ಸುಮಾರಿನಲ್ಲಿದೆ, ಲೇಹ್ 3,500 ಮೀಟರ್. ನಡುವೆ 3,528 ಮೀಟರಿನ ಝೋಜಿ ಲಾ ಮತ್ತು 4,108 ಮೀಟರಿನ ಫೋಟು ಲಾ ಬಂದರೂ ಅಲ್ಲಿ ಹತ್ತಿ ಇಳಿಯುತ್ತೀರೇ ಹೊರತು ರಾತ್ರಿ ಮಲಗುವುದಿಲ್ಲ. ತೊಂದರೆ ಕೊಡುವುದು ಬಹುಮಟ್ಟಿಗೆ ಮಲಗುವ ಜಾಗದ ಎತ್ತರ. ಮನಾಲಿಯ ಕಡೆಯಿಂದ ಹತ್ತಿದರೆ ಎರಡನೆಯ ರಾತ್ರಿಗೇ ಸುಮಾರು 4,300 ಮೀಟರ್ ಎತ್ತರದ ಸರ್ಚು ಡೇರೆಗಳಲ್ಲಿ ಮಲಗುವ ಪ್ರಸಂಗ ಬರುತ್ತದೆ; ಒಗ್ಗದ ದೇಹಕ್ಕೆ ಅದು ಶಿಕ್ಷೆ. ಲೇಹ್‌ನಲ್ಲಿ ವಾರ ಕಳೆದು, ಮೈ ಒಗ್ಗಿದ ಮೇಲೆ ಅದೇ ದಾರಿಯಲ್ಲಿ 5,300 ಮೀಟರಿಗೂ ಎತ್ತರದ ತಂಗ್ಲಂಗ್ ಲಾ ದಾಟಿ ಇಳಿಯುವುದು ಬೇರೆಯೇ ಮಾತು. ಲೇಹ್ ತಲುಪಿದ ಮೇಲೆ ಎರಡು ಪೂರ್ಣ ದಿನ ವಿಶ್ರಾಂತಿ, ನಂತರವೇ ನುಬ್ರಾ ಕಣಿವೆ ಅಥವಾ ಪ್ಯಾಂಗಾಂಗ್ ಸರೋವರ.

ಔಷಧದ ಬಗ್ಗೆ ಎರಡು ಮಾತು. ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಎತ್ತರದ ಕಾಯಿಲೆ ಬಾರದಂತೆ ಅನೇಕರು ಮುಂಚಿತವಾಗಿ ತೆಗೆದುಕೊಳ್ಳುತ್ತಾರೆ. ಅದು ಮೂತ್ರ ಹೆಚ್ಚಿಸುವ ಗುಣದ ಔಷಧ. ರಕ್ತದೊತ್ತಡದ ಕೆಲವು ಮಾತ್ರೆಗಳಿಗೂ ಅದೇ ಗುಣವಿರುವುದರಿಂದ, ಸಲ್ಫಾ ಅಲರ್ಜಿಯ ಪ್ರಶ್ನೆಯೂ ಇರುವುದರಿಂದ, ನಿಮ್ಮ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬಾರದು. ತಲೆನೋವು, ಊಟ ಸೇರದಿರುವುದು, ನಿದ್ರೆ ಬಾರದಿರುವುದು ಮೊದಲ ಲಕ್ಷಣಗಳು. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡಿಗೆ ತಡವರಿಸಿದರೆ, ಮಾತು ಗೊಂದಲವಾದರೆ ಬೆಳಗಾಗಲೆಂದು ಕಾಯದೆ ತಗ್ಗಿನ ಜಾಗಕ್ಕೆ ಇಳಿಯಬೇಕು, ಆಸ್ಪತ್ರೆಗೆ ಸೇರಬೇಕು.

ತಿಂಗಳು ಸೆಪ್ಟೆಂಬರ್, ಅದರಲ್ಲೂ ಹದಿನೈದರ ನಂತರ ಜಮ್ಮು ದಾಟುವಂತೆ ಹೊರಡಿ. ಜುಲೈ ಮತ್ತು ಆಗಸ್ಟ್‌ನಲ್ಲಿ ಲಡಾಖಿನಲ್ಲಿ ಮಳೆ ಅಷ್ಟಾಗಿ ಇಲ್ಲದಿದ್ದರೂ ಅಲ್ಲಿಗೆ ಹೋಗುವ ದಾರಿಗಳ ಮೇಲೆ ಗುಡ್ಡ ಕುಸಿಯುತ್ತದೆ. 2023ರ ಜುಲೈಯಲ್ಲೂ 2025ರ ಆಗಸ್ಟ್‌ನಲ್ಲೂ ಬಿಯಾಸ್ ನದಿ ಕುಲ್ಲು ಮತ್ತು ಮನಾಲಿ ನಡುವಿನ ಹೆದ್ದಾರಿಯನ್ನು ಹಲವೆಡೆ ಕೊಚ್ಚಿಕೊಂಡು ಹೋಗಿದ್ದನ್ನು ನೀವೂ ಓದಿರುತ್ತೀರಿ. ಜಮ್ಮು ಮತ್ತು ಶ್ರೀನಗರದ ನಡುವೆ ಚೆನಾನಿ ಮತ್ತು ಬನಿಹಾಲ್ ಸುರಂಗಗಳಿಂದ ದಾರಿಯ ದೂರ ಮೊದಲಿಗಿಂತ ಬಹಳ ಕಡಿಮೆಯಾಗಿದೆ, ಆದರೆ ರಾಮಬನ್ನಿನ ಸುತ್ತಮುತ್ತ ಮಣ್ಣು ಜಾರುವುದು ನಿಂತಿಲ್ಲ. ಆದ್ದರಿಂದ ಯಾವುದಕ್ಕೂ ಲೆಕ್ಕವಿಡದ ಮೂರು ದಿನ ಕೈಯಲ್ಲಿರಲಿ.

ಇನ್ನು ಬಯಲಿನ ದಾರಿ. ಬೆಂಗಳೂರಿನಿಂದ ಶ್ರೀನಗರದವರೆಗೆ ನೀವು ಬಹುಪಾಲು ಒಂದೇ ರಸ್ತೆಯಲ್ಲಿರುತ್ತೀರಿ, ಅದು ರಾಷ್ಟ್ರೀಯ ಹೆದ್ದಾರಿ 44. ಮೊದಲ ದಿನ ಕರ್ನೂಲು, ಎರಡನೆಯ ದಿನ ಹೈದರಾಬಾದಿನ ಹೊರವರ್ತುಲ ರಸ್ತೆ ಹಿಡಿದು ನಿರ್ಮಲ್ ಅಥವಾ ಆದಿಲಾಬಾದ್. ಬಾಗೇಪಲ್ಲಿ ದಾಟಿದ ಸ್ವಲ್ಪ ಹೊತ್ತಿಗೆ ಲೇಪಾಕ್ಷಿಯ ತಿರುವು, ಆಮೇಲೆ ತಾಳೀಕೋಟೆಯ ಸೋಲಿನ ಬಳಿಕ ವಿಜಯನಗರದ ಅರಸರು ನೆಲೆಸಿದ ಪೆನುಗೊಂಡೆ ಸಿಗುತ್ತವೆ. ನಮ್ಮ ನೆಲದ ಚರಿತ್ರೆ ರಾಜ್ಯದ ಗಡಿಯಾಚೆಗೂ ಬಂದು ಬೀಳ್ಕೊಟ್ಟಂತೆ ಅನಿಸುತ್ತದೆ. ಮೂರನೆಯ ದಿನವನ್ನು ಬೇಕೆಂದೇ ಗಿಡ್ಡದಾಗಿಡಿ. ನಾಗಪುರ ದಾಟಿದ ಮೇಲೆ ಹೆದ್ದಾರಿ ಪೆಂಚ್ ಹುಲಿ ಕಾಡನ್ನು ಹಾಯುತ್ತದೆ, ಅಲ್ಲಿ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ ಪ್ರಾಣಿಗಳಿಗೆ ಅಡಿಯಲ್ಲಿ ದಾರಿ ಬಿಟ್ಟಿದ್ದಾರೆ. ಮಹಾರಾಷ್ಟ್ರದ ಭಾಗವೊಂದರಲ್ಲೇ ಇಂಥ ಒಂಬತ್ತು ದಾರಿಗಳಿದ್ದು, ಅತ್ಯಂತ ಉದ್ದದ್ದು 750 ಮೀಟರ್ ಇದೆ. ಬಂಡೀಪುರದ ರಾತ್ರಿ ಸಂಚಾರದ ಜಗಳವನ್ನು ವರ್ಷಗಟ್ಟಲೆ ಕೇಳಿದ ಮೈಸೂರಿನವರು ಆ ರಸ್ತೆಯನ್ನು ಬೇರೆ ಕಣ್ಣಿನಿಂದಲೇ ನೋಡುತ್ತಾರೆ. ಸಿವನಿಯಲ್ಲಿ ತಂಗಿ, ನಾಲ್ಕನೆಯ ದಿನ ಸಾಗರದ ಮೇಲೆ (ನಮ್ಮ ಮಲೆನಾಡಿನ ಸಾಗರವಲ್ಲ, ಮಧ್ಯಪ್ರದೇಶದ್ದು) ಝಾನ್ಸಿಯ ಪಕ್ಕದ ಓರ್ಛಾ ತಲುಪಿ, ಅಲ್ಲಿ ಬೇತ್ವಾ ನದಿಯ ದಡದಲ್ಲಿ ಒಂದು ದಿನ ಪೂರ್ತಿ ಕಾರನ್ನು ಮರೆತುಬಿಡಿ.

ಆಗ್ರಾ ಆದ ಮೇಲೆ ದೆಹಲಿಯೊಳಗೆ ನುಗ್ಗಬೇಡಿ. ಪಲ್ವಲ್‌ನಲ್ಲಿ ಪೂರ್ವದ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹತ್ತಿದರೆ 135 ಕಿಲೋಮೀಟರಿನ ನಂತರ ಕುಂಡ್ಲಿಯಲ್ಲಿ ಮತ್ತೆ ಹೆದ್ದಾರಿ 44ಕ್ಕೇ ಬರುತ್ತೀರಿ. ಚಳಿ ಶುರುವಾಗಿ ಗಾಳಿ ತೀರಾ ಕೆಟ್ಟಾಗ ಬಿಎಸ್-4 (ಹೊಗೆಯ ಹಳೆಯ ಮಾನದಂಡದ) ಡೀಸೆಲ್ ಕಾರುಗಳಿಗೆ ದೆಹಲಿಯಲ್ಲೂ ಸುತ್ತಲಿನ ಕೆಲವು ಜಿಲ್ಲೆಗಳಲ್ಲೂ ತಡೆ ಬೀಳುವುದುಂಟು. ನಿಮ್ಮ ಕಾರು ಆ ಪೈಕಿಯದೇ ಆದ್ದರಿಂದ ಹಿಂತಿರುಗುವುದನ್ನು ನವೆಂಬರಿಗೆ ಎಳೆಯಬೇಡಿ. ಪಂಜಾಬಿನ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ರಸ್ತೆ ಚೆನ್ನಾಗಿದೆ, ಊಟ ಅದಕ್ಕಿಂತ ಚೆನ್ನಾಗಿದೆ.

ಬೆಟ್ಟದಲ್ಲಿ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ ಅದು ಕಾದು ಹಿಡಿಯದಂತಾಗುತ್ತದೆ. ಕಿರಿದಾದ ಕಡೆ ಏರಿ ಬರುವ ವಾಹನಕ್ಕೆ ದಾರಿ ಬಿಡುವುದು ನಿಯಮ. ಮನಾಲಿ ದಾರಿಯಲ್ಲಿ ರಸ್ತೆಗೆ ಅಡ್ಡ ಹರಿಯುವ ತೊರೆಗಳನ್ನು ಬೆಳಿಗ್ಗೆ ಬೇಗ ದಾಟಬೇಕು, ಏಕೆಂದರೆ ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನದ ಹೊತ್ತಿಗೆ ನೀರು ಮೊಣಕಾಲೆತ್ತರಕ್ಕೆ ಬರುತ್ತದೆ. ಲೇಹ್ ಬಿಡುವ ಮುನ್ನ ಟ್ಯಾಂಕ್ ಭರ್ತಿ ಮಾಡಿಸಿ. ಆಚೆ ತಾಂಡಿಯವರೆಗೆ ಸುಮಾರು 365 ಕಿಲೋಮೀಟರ್ ಉದ್ದಕ್ಕೂ ಬಂಕ್ ಸಿಗುವುದೆಂದು ನಂಬಿ ಹೊರಡಬಾರದು.

ಪ್ರಶ್ನೆ: ನಾವೂ ದಂಪತಿ ಉತ್ತರಕ್ಕೆ ಹೋಗುವವರಿದ್ದೇವೆ. ಟೋಲಿಗೇ ಸಾವಿರಾರು ರೂಪಾಯಿ ಆಗುತ್ತದೆಂದು ಕೇಳಿದ್ದೇವೆ. ಉಳಿಸುವ ದಾರಿ ಇದೆಯೇ? ಕಾಶ್ಮೀರದಲ್ಲಿ ನಮ್ಮ ಫೋನು ಕೆಲಸ ಮಾಡುತ್ತದೆಯೇ? (ಓದುಗರೊಬ್ಬರು, ತುಮಕೂರು)

ಉತ್ತರ: 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಆರಂಭದಲ್ಲಿ ಅದರ ಬೆಲೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲದ ಟೋಲ್, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಇಂಥ ಒಂದೇ ಪ್ರಯಾಣದಲ್ಲಿ ಅದರ ಹಣ ಹುಟ್ಟಿ ಇನ್ನೂ ಉಳಿಯುತ್ತದೆ. ಆದರೆ ಅದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಿಗೆ ಮಾತ್ರ. ಹೈದರಾಬಾದಿನ ಹೊರವರ್ತುಲ, ಯಮುನಾ ಎಕ್ಸ್‌ಪ್ರೆಸ್‌ವೇ ಮುಂತಾದ ಕಡೆ ಫಾಸ್ಟ್ಯಾಗಿನ ಖಾತೆಯಿಂದ ಮಾಮೂಲಿನಂತೆ ಹಣ ಕಡಿತವಾಗುವುದರಿಂದ ಅದರಲ್ಲಿ ಹಣ ಉಳಿದಿರಬೇಕು. ಫೋನಿನ ಮಾತಿಗೆ ಬಂದರೆ, ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಾಗಲಿ ಲಡಾಖಿನಲ್ಲಾಗಲಿ ನಡೆಯುವುದಿಲ್ಲ. ಇಬ್ಬರಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಇಬ್ಬರೂ ಬೇರೆ ಬೇರೆ ಕಂಪನಿಯ ಪೋಸ್ಟ್‌ಪೇಯ್ಡ್ ಇಟ್ಟುಕೊಂಡರೆ ಇನ್ನೂ ಉತ್ತಮ.

ಪ್ರಶ್ನೆ: ಉತ್ತರ ಭಾರತಕ್ಕೆ ಕಾರಿನಲ್ಲಿ ಹೋಗುವ ಲೇಖನಗಳೆಲ್ಲ ಬೆಂಗಳೂರಿನಿಂದಲೇ ಶುರುವಾಗುತ್ತವೆ. ಹುಬ್ಬಳ್ಳಿಯ ನಾವಿಬ್ಬರು ಪಂಜಾಬಿಗೆ ಹೋಗಬೇಕಾದರೆ ಹೈದರಾಬಾದಿಗೆ ಹೋಗಿಯೇ ಹೋಗಬೇಕೇನ್ರಿ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಬೇಕಿಲ್ಲ. ನಿಮ್ಮ ಆಕ್ಷೇಪ ನ್ಯಾಯವಾದದ್ದು, ಮೇಲಿನ ನನ್ನ ಉತ್ತರಕ್ಕೂ ಅದು ತಗಲುತ್ತದೆ. ನಿಮ್ಮ ಊರ ಮೇಲೆಯೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52ರ ಒಂದು ತುದಿ ಅಂಕೋಲಾ, ಇನ್ನೊಂದು ತುದಿ ಪಂಜಾಬಿನ ಸಂಗ್ರೂರ್. ವಿಜಯಪುರ, ಸೊಲ್ಲಾಪುರ, ಬೀಡ್, ಔರಂಗಾಬಾದ್ ಅಂದರೆ ಈಗಿನ ಛತ್ರಪತಿ ಸಂಭಾಜಿನಗರ, ಧುಳೆ, ಇಂದೋರ್, ಕೋಟಾ, ಜೈಪುರ, ಸೀಕರ್, ಹಿಸಾರ್ ಎಂದು ಅದು ಸಾಗುತ್ತದೆ, ದೆಹಲಿಯ ಗೊಡವೆಯೇ ಇಲ್ಲ. ಸಂಭಾಜಿನಗರದಲ್ಲಿ ಎರಡು ರಾತ್ರಿ ತಂಗಿದರೆ ಎಲ್ಲೋರದ ಕೈಲಾಸ ದೇವಾಲಯ ನೋಡಬಹುದು. ಅದನ್ನು ಕೊರೆಸಿದ ರಾಷ್ಟ್ರಕೂಟರ ಒಂದನೆಯ ಕೃಷ್ಣನ ವಂಶದವರ ಕಾಲದ ಗುಡಿಯೊಂದನ್ನು ನೀವು ಪಟ್ಟದಕಲ್ಲಿನಲ್ಲಿ ಈಗಾಗಲೇ ಕಂಡಿರುತ್ತೀರಿ. ಕರ್ನಾಟಕ ಬಿಟ್ಟ ಮೇಲೂ ಸೊಲ್ಲಾಪುರದವರೆಗೆ ಕನ್ನಡದಲ್ಲಿಯೇ ಊಟ ಕೇಳಬಹುದು, ಜೋಳದ ರೊಟ್ಟಿ ಅದರಾಚೆಗೂ ಸಿಗುತ್ತದೆ. ಧುಳೆ ದಾಟಿ ಸೆಂಧ್ವಾದ ಕಡೆಯ ಘಾಟಿಯಲ್ಲಿ ಲಾರಿಗಳ ಸಾಲು ಉದ್ದವಿರುತ್ತದೆ, ಹಗಲಿನಲ್ಲಿಯೇ ದಾಟಿಕೊಳ್ಳಿ. ಸ್ಟೀರಿಂಗ್ ಯಾರ ಕೈಯಲ್ಲಿರಬೇಕೆಂಬುದಕ್ಕೆ ಮೈಸೂರಿನವರಿಗೆ ಕೊಟ್ಟ ಉತ್ತರವೇ ನಿಮಗೂ ಅನ್ವಯಿಸುತ್ತದೆ.