ಕಂಪನಿ ಹಣದ ಸಾಹಿತ್ಯ ಪ್ರಶಸ್ತಿಗಳಿಂದ ಪ್ರಾದೇಶಿಕ ಭಾಷೆಗಳಿಗೆ ನಿಜಕ್ಕೂ ಲಾಭ ಇದೆಯೇ?

ಇದೆ, ಆದರೆ ಎಲ್ಲ ಭಾಷೆಗೂ ಒಂದೇ ಸಮ ಅಲ್ಲ.

ಇದೇನೂ ಹೊಸದಲ್ಲ. ನಾವು ಸರ್ಕಾರದ್ದು ಅಂದುಕೊಳ್ಳುವ ಜ್ಞಾನಪೀಠ ಉದ್ಯಮಿ ಸಾಹು ಜೈನ್ ಕುಟುಂಬದ ಟ್ರಸ್ಟಿನದು. ಸರಸ್ವತಿ ಸಮ್ಮಾನ್ ಬಿರ್ಲಾ ಪ್ರತಿಷ್ಠಾನದ್ದು. ಭೈರಪ್ಪನವರ 'ಮಂದ್ರ'ಕ್ಕೆ ಸಿಕ್ಕಿದ್ದು ಅದೇ. ಇವೆರಡೂ ಮೂಲ ಭಾಷೆಯ ಬರಹಕ್ಕೇ ಮನ್ನಣೆ ಕೊಡುತ್ತವೆ.

2018ರಲ್ಲಿ ಬಂದ ಜೆಸಿಬಿ ಬಹುಮಾನದ ದಾರಿಯೇ ಬೇರೆ. ಹೌದು, ಮಣ್ಣು ಅಗೆಯುವ ಆ ಜೆಸಿಬಿಯೇ! ಮೊತ್ತ 25 ಲಕ್ಷ ರೂಪಾಯಿ ಇತ್ತು, ಅನುವಾದಕರಿಗೆ ಪ್ರತ್ಯೇಕ ಹಣ. 2023ರವರೆಗಿನ 6 ಬಹುಮಾನಗಳಲ್ಲಿ 5 ಅನುವಾದಗಳಿಗೇ ಹೋದವು: 3 ಮಲಯಾಳಂ, 1 ಉರ್ದು, 1 ತಮಿಳು. ಕನ್ನಡ? ಒಂದೂ ಇಲ್ಲ. ಇಂಗ್ಲಿಷಿಗೆ ಬಂದ ಕಾದಂಬರಿ ಮಾತ್ರ ಸ್ಪರ್ಧೆಗೆ ಹೋಗುತ್ತಿತ್ತು, ಅದೂ ಪ್ರಕಾಶಕರು ಕಳಿಸಿದರೆ. ಒಳ್ಳೆ ಅನುವಾದಕರು ಜಾಸ್ತಿ ಇರುವ ಭಾಷೆಗೇ ಅನುಕೂಲ, ಅಲ್ವಾ?

ಕಂಪನಿಯ ಹೆಸರಿನ ಭಾರವೂ ಇದೆ. ಮನೆ ಕೆಡವಲು ಜೆಸಿಬಿ ಬುಲ್ಡೋಜರ್ ಬಳಕೆಯಾಗುತ್ತಿದೆ ಎಂದು 2024ರಲ್ಲಿ ನೂರಕ್ಕೂ ಹೆಚ್ಚು ಲೇಖಕರು ಈ ಬಹುಮಾನವನ್ನು ಟೀಕಿಸಿ ಬಹಿರಂಗ ಪತ್ರ ಬರೆದರು. ಆದರೂ ಅನುವಾದಕರಿಗೆ ಸರಿಯಾದ ದುಡ್ಡು ಸಿಕ್ಕಿದ್ದು ದೊಡ್ಡ ವಿಷಯ ಅಂತಲೇ ನನ್ನ ಅಭಿಪ್ರಾಯ.