ಮೂಳೆಗೆ ಹೋದರೂ ಅದು ಶ್ವಾಸಕೋಶದ್ದೇ

ಡೊಂಬಿವಲಿಯ ಅಕ್ಕನವರಿಗೆ ನಮಸ್ಕಾರ.

ನಿಮ್ಮ ಕಾಗದ ಎರಡು ಸಲ ಓದಿದೆ. ನಿಮ್ಮ ಭಾವನವರಿಗೆ ಹೋದ ವರ್ಷ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗಿ ಕೀಮೋ ಆಯ್ತು, ಈಗ ಬೆನ್ನುನೋವು, ಬೋನ್ ಸ್ಕ್ಯಾನ್‌ನಲ್ಲಿ ಕಪ್ಪು ಚುಕ್ಕೆಗಳು. 'ಇದು ಎರಡನೇ ಕ್ಯಾನ್ಸರಾ? ಎಣ್ಣೆ ತಿಕ್ಕಿಸಬಹುದಾ? ಮಾರ್ಫಿನ್ ಬರೆದಿದ್ದಾರೆ, ಕೊಡೋಕೆ ಭಯ' ಅಂತ ಬರೆದಿದ್ದೀರಿ.

ನಾನು ಡಾಕ್ಟರ್ ಅಲ್ಲ. ನನ್ನ ಮಾವನಿಗೂ ಇದೇ ಆಗಿತ್ತು, ಅವರನ್ನು ಕರೆದುಕೊಂಡು ಮುಂಬೈನ ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡಿದವನು, ಅಷ್ಟೆ.

ಎರಡನೇ ಕ್ಯಾನ್ಸರ್ ಅಲ್ಲ ಅಕ್ಕಾ. ಶ್ವಾಸಕೋಶದ ಗಡ್ಡೆಯ ಕೋಶಗಳೇ ರಕ್ತದಲ್ಲಿ ಹರಿದು ಬಂದು ಮೂಳೆಯಲ್ಲಿ ಕೂತಿವೆ. ಉಡುಪಿಯವರು ಮಾಟುಂಗಾದಲ್ಲಿ ಮನೆ ಮಾಡಿದರೂ ಒಳಗೆ ಆಡೋದು ತುಳುವೇ ಅಲ್ವಾ, ಹಾಗೆ. ಅದಕ್ಕೇ ಔಷಧಿಯೂ ಶ್ವಾಸಕೋಶದ ಕ್ಯಾನ್ಸರಿನದೇ, ನೋಡಬೇಕಾದವರೂ ಅದೇ ಡಾಕ್ಟರು. ಇದನ್ನು ನಾಲ್ಕನೇ ಹಂತ ಅಂತಾರೆ, ಪೂರ್ತಿ ವಾಸಿಯಾಗೋದು ಅಪರೂಪ, ಅದನ್ನು ಮುಚ್ಚಿಡಲ್ಲ. ಆದರೆ ಬಯಾಪ್ಸಿಯಲ್ಲಿ ಇಜಿಎಫ್‌ಆರ್, ಎಎಲ್‌ಕೆ ಅನ್ನೋ ಜೀನ್‌ಗಳ ಪರೀಕ್ಷೆ ಆಗಿದೆಯಾ ಅಂತ ತಪ್ಪದೆ ಕೇಳಿ. ಅವುಗಳಲ್ಲಿ ಬದಲಾವಣೆ ಸಿಕ್ಕರೆ ಬರೀ ಮಾತ್ರೆಯಲ್ಲೇ ವರ್ಷಗಟ್ಟಲೆ ಹತೋಟಿಯಲ್ಲಿ ಇದ್ದವರಿದ್ದಾರೆ. ಇನ್ನೊಂದು, ಹಳೇ ಪೆಟ್ಟು, ಸಂಧಿವಾತ ಕೂಡ ಸ್ಕ್ಯಾನ್‌ನಲ್ಲಿ ಕಪ್ಪಾಗಿಯೇ ಕಾಣುತ್ತೆ, ಹಾಗಾಗಿ ಒಂದೊಂದು ಚುಕ್ಕೆಗೂ ಎದೆ ಒಡೆದುಕೊಳ್ಳಬೇಡಿ.

ಎಣ್ಣೆ ತಿಕ್ಕಿಸೋದು ಮಾತ್ರ ಬೇಡವೇ ಬೇಡ. ಈ ಕೋಶಗಳು ಮೂಳೆಯನ್ನು ತಾವೇ ತಿನ್ನಲ್ಲ, ಮೂಳೆ ಸವೆಸೋಕೆ ದೇಹದಲ್ಲೇ ಇರೋ ಕೋಶಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತವೆ. ಹೊರಗಿಂದ ನೋಡಿದರೆ ಗಟ್ಟಿ, ಒಳಗೆ ಗೆದ್ದಲು ಹಿಡಿದ ಬಾಗಿಲು. ಯಾರೋ ಹೇಳಿದರು ಅಂತ ನಾವು ಒಬ್ಬನನ್ನು ಮನೆಗೇ ಕರೆಸಿ ಮಾವನ ಬೆನ್ನು ತಿಕ್ಕಿಸಿದೆವು. ಮೂರನೇ ದಿನ ಸ್ನಾನದ ಚೊಂಬು ಎತ್ತುವಾಗ ಪಕ್ಕೆಲುಬು 'ಚಟ್' ಅಂತು, ಚೊಂಬು ಉರುಳಿಕೊಂಡು ಬಾಗಿಲ ತನಕ ಬಂತು. ತಿಕ್ಕಿದ್ದರಿಂದಲೇ ಮುರಿಯಿತಾ ಅಂತ ಹೇಳೋಕಾಗಲ್ಲ, ಆದರೆ ಆ ಸದ್ದು ನನ್ನ ಕಿವಿಯಿಂದ ಹೋಗಿಲ್ಲ.

ನೋವಿಗೆ ರೇಡಿಯೇಷನ್ ಇದೆ. ಎಷ್ಟೋ ಜನಕ್ಕೆ ಒಂದೇ ಸಲ, 8 ಗ್ರೇ (ಗ್ರೇ ಅಂದರೆ ರೇಡಿಯೇಷನ್ನಿನ ಅಳತೆ) ಕೊಡ್ತಾರೆ. ಮೊದಲೆರಡು ದಿನ ನೋವು ಜಾಸ್ತಿ ಆಗಬಹುದು, ಗಾಬರಿ ಬೇಡ, ಇಳಿಯೋಕೆ ಕೆಲವು ವಾರ ಹಿಡಿಯುತ್ತೆ. ಮೂಳೆ ಸವೆತ ತಡೆಯೋಕೆ ಝೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಹಾಕ್ತಾರೆ. ಅದಕ್ಕೆ ಮುಂಚೆ ಕಿಡ್ನಿ ಪರೀಕ್ಷೆ ಆಗಬೇಕು, ಹಲ್ಲಿನ ಡಾಕ್ಟರಿಗೂ ತೋರಿಸಿ, ಕೀಳುವ ಹಲ್ಲಿದ್ದರೆ ಮೊದಲೇ ಕೀಳಿಸಿ. ಆಮೇಲೆ ಕಿತ್ತರೆ ದವಡೆ ಮೂಳೆ ಕೆಡುವ ಅಪಾಯ ಇದೆ.

ಮಾರ್ಫಿನ್ ಬಗ್ಗೆ ನಿಮ್ಮ ಭಯ ನಮ್ಮ ಮನೆಯಲ್ಲೂ ಇತ್ತು. 'ಚಟ ಹತ್ತುತ್ತೆ' ಅಂತ ಅತ್ತೆ ಮಾತ್ರೆ ಬಚ್ಚಿಟ್ಟರು, ಮಾವ ರಾತ್ರಿಯಿಡೀ ಗೋಡೆಗೆ ಒರಗಿ ಕೂತರು. ಡಾಕ್ಟರು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಕೊಡಿ. ಮಲಬದ್ಧತೆ ಆಗೇ ಆಗುತ್ತೆ, ಅದರ ಔಷಧಿಯನ್ನೂ ಅವತ್ತೇ ಬರೆಸಿಕೊಳ್ಳಿ.

ಕಾಲಿನಲ್ಲಿ ಶಕ್ತಿ ಕಡಿಮೆ ಆದರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಮಾರನೇ ದಿನದ ಓಪಿಡಿಗೆ ಕಾಯಬೇಡಿ, ಅವತ್ತೇ ಎಮರ್ಜೆನ್ಸಿಗೆ ಹೋಗಿ. ಬೆನ್ನುಹುರಿ ಅದುಮಿಕೊಂಡಿರಬಹುದು, ತಡವಾದರೆ ನಡಿಗೆ ವಾಪಸ್ ಬರೋದು ಕಷ್ಟ. ವಿಪರೀತ ಬಾಯಾರಿಕೆ, ಮಂಕು, ಅರ್ಥವಿಲ್ಲದ ಮಾತು ಶುರುವಾದರೂ ಹಾಗೇ, ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು.

ಪರೇಲಿಗೆ ಲೋಕಲ್‌ನಲ್ಲೇ ಹೋಗೋದಾದರೆ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಕೂರಬಹುದು, ಆಸ್ಪತ್ರೆಯ ಫೈಲ್ ಕೈಯಲ್ಲಿರಲಿ. ಬೆಳಗಿನ ಎಂಟು ಗಂಟೆಯ ಗಾಡಿ ಬೇಡ, ಆ ತಳ್ಳಾಟ ಆ ಬೆನ್ನಿಗಲ್ಲ.